ಬಾಗಿಲು ತೆರೆದಿಟ್ಟವನು ನಾನೇ

ಕೆಲವು ವರ್ಷಗಳ ಹಿಂದೆ ನಾನಿದ್ದ ಆಫೀಸಿನಲ್ಲಿ ಆಗಷ್ಟೇ ಸೇರಿದ್ದ ಹುಡುಗನೊಬ್ಬ ಟೆಸ್ಟ್ ಸರ್ವರ್ ಅಂದುಕೊಂಡು ಅಸಲಿ ಸರ್ವರಿಗೆ ಲಾಗಿನ್ ಆಗಿ, ಎಲ್ಲರೂ ಬಳಸುತ್ತಿದ್ದ ಫೋಲ್ಡರೊಂದನ್ನು ಪೂರ್ತಿ ಅಳಿಸಿಬಿಟ್ಟ. ಮೀಟಿಂಗಿನಲ್ಲಿ ಅವನಿಗೆ ಮಂಗಳಾರತಿ ಆಯ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಅವನಿಗೆ ಅಲ್ಲಿ ಶೆಲ್ ಸಿಕ್ಕಿದ್ದು, ಅಂದರೆ ಆ ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟಲು ಜಾಗ ಸಿಕ್ಕಿದ್ದು, ನನ್ನಿಂದ. ಒಂದೊಂದು ಸರ್ವರಿನಲ್ಲೂ ಖಾತೆ ತೆರೆಯುವ ಗೋಳು ತಪ್ಪಲಿ ಅಂತ ಎಲ್ಲರ ಹೆಸರನ್ನೂ ಎಲ್‌ಡ್ಯಾಪ್ ಡೈರೆಕ್ಟರಿಗೆ ತಂದಿದ್ದೆ. ಡೈರೆಕ್ಟರಿ 'ಇವನು ಯಾರು' ಅಂತ ಹೇಳುತ್ತೆ, ಸರಿ. 'ಇವನಿಗೆ ಇಲ್ಲೇನು ಕೆಲಸ' ಅಂತ ನಾವು ಹೇಳಿಕೊಡದೆ ಯಾರೂ ಕೇಳಲ್ಲ. ಓಪನ್‌ಎಸ್ಸೆಸ್ಸೆಚ್‌ನ ಸೆಟ್ಟಿಂಗಿನಲ್ಲಿ 'ಅಲೋಗ್ರೂಪ್ಸ್' ಥರದ ಸಾಲು ಬರೆಯದಿದ್ದರೆ ಪಾಸ್‌ವರ್ಡ್ ಸರಿಯಿದ್ದವರೆಲ್ಲ ಒಳಕ್ಕೆ. ಫ್ರೀಐಪಿಎ ಹಾಕಿಕೊಂಡರೂ ಅದರ ಜತೆ 'ಅಲೋ ಆಲ್' ಅನ್ನೋ ನಿಯಮ ಚಾಲೂ ಸ್ಥಿತಿಯಲ್ಲೇ ಬರುತ್ತೆ. ಛತ್ರದ ಊಟದ ಹಾಲಿಗಾದರೂ ಬಾಗಿಲಲ್ಲಿ ಒಬ್ಬ ಮಾವ ನಿಂತಿರುತ್ತಾನೆ!

ಆಮೇಲೆ ಮೇಲಿನವರ ಅಪ್ಪಣೆ ಬಂತು: ಎಲ್ಲರ ಶೆಲ್ಲನ್ನೂ 'ನೋಲಾಗಿನ್' ಮಾಡಿಬಿಡಿ. ನನ್ನ ತಕರಾರು ಇರೋದು ಇದರ ಬಗ್ಗೆ. ಡೈರೆಕ್ಟರಿಯಲ್ಲಿ ಒಬ್ಬರಿಗೆ ಒಂದೇ ಶೆಲ್. ಅಲ್ಲಿ ಕಿತ್ತರೆ ಸಾಮಾನ್ಯವಾಗಿ ಎಲ್ಲ ಸರ್ವರಿನಲ್ಲೂ ಹೋಯಿತು, ಅವನು ದಿನಾ ಕೆಲಸ ಮಾಡುವ ಸರ್ವರ್ ಕೂಡ. ಹೋಗಲಿ, ಬಾಗಿಲಾದರೂ ಮುಚ್ಚಿತಾ? ಅದೂ ಇಲ್ಲ. ಎಸ್ಸೆಸ್ಸೆಚ್‌ಗೆ 'ಮೈನಸ್ ಎನ್' ಕೊಟ್ಟು 'ನನಗೆ ಶೆಲ್ ಬೇಡ, ಪೋರ್ಟ್ ಫಾರ್ವರ್ಡಿಂಗ್ ಸಾಕು' ಅಂದರೆ ನೋಲಾಗಿನ್ ಓಡುವುದೇ ಇಲ್ಲ. ಬೇರೆ ತಡೆ ಹಾಕಿರದಿದ್ದರೆ ಆ ಸರ್ವರಿನ ಮೂಲಕ ಹಿಂದಿರುವ ಡೇಟಾಬೇಸಿನ ತನಕ ದಾರಿ ಸಲೀಸು. ಶಿಕ್ಷೆ ಮಾತ್ರ ಎಲ್ಲರಿಗೂ, ಭದ್ರತೆ ಯಾರಿಗೂ ಇಲ್ಲ.

ನನ್ನ ಪ್ರಕಾರ ತಡೆಯಬೇಕಾದ್ದು ಆಯಾ ಸರ್ವರಿನ ಹೊಸ್ತಿಲಲ್ಲಿ. ವೆಬ್‌ನವರ ಗುಂಪಿಗೆ ವೆಬ್ ಸರ್ವರ್, ಡೇಟಾಬೇಸ್‌ನವರ ಗುಂಪಿಗೆ ಅವರದ್ದು. ಗುಂಪಿನಲ್ಲಿಲ್ಲದವರಿಗೆ ಲಾಗಿನ್ನೇ ಇಲ್ಲ, ಆಗ ಈ ಪೋರ್ಟಿನ ಕಳ್ಳದಾರಿಯೂ ಬಂದ್. ಜತೆಗೆ ಕೆಡಿಸಿ ಕಲಿಯುವುದಕ್ಕೆ ಅಂತಲೇ ಎಲ್ಲರಿಗೂ ಒಂದು ಹಳೇ ಸರ್ವರ್ ಬಿಟ್ಟುಕೊಡಬೇಕು. ನಾನೂ ಹಾಗೆ ಕೆಡಿಸಿಯೇ ಕಲಿತವನು.

ಈ ಕೆಲಸ ಕೊನೆಗೂ ಮಾಡಿದೆ, ಒಂದು ಮಧ್ಯಾಹ್ನ ಹಿಡಿಯಿತು ಅಷ್ಟೆ. ಅಷ್ಟರಲ್ಲಿ ಆ ಹುಡುಗ ಕೆಲಸ ಬಿಟ್ಟು ಹೋಗಿದ್ದ. ತಪ್ಪು ನಿಂದಲ್ಲ ಮಾರಾಯ ಅಂತ ಅವನಿಗೆ ನಾನು ಇನ್ನೂ ಹೇಳಿಲ್ಲ.