ಒಂದು ಜೋಡಿ, ಎರಡು ಜಾಗ

ಜಾತ್ರೆಯ ದಿನ ದೇವಸ್ಥಾನದ ಮುಂದೆ ಚಪ್ಪಲಿ ಬಿಡುವುದಕ್ಕೆ ಅನುಭವಸ್ಥರು ಒಂದು ಉಪಾಯ ಇಟ್ಟುಕೊಂಡಿರುತ್ತಾರೆ. ಎಡಗಾಲಿನದನ್ನು ಅರಳಿಕಟ್ಟೆಯ ಬುಡದಲ್ಲಿ ಬಿಡುವುದು, ಬಲಗಾಲಿನದನ್ನು ಹಣ್ಣುಕಾಯಿ ಅಂಗಡಿಯ ಪಕ್ಕದಲ್ಲಿ ಬಿಡುವುದು. ಒಂಟಿ ಚಪ್ಪಲಿ ಕದ್ದು ಮಾಡುವುದೇನು? ಕಳ್ಳನಿಗೆ ಅದರ ಜೊತೆಯದನ್ನು ಹುಡುಕುವಷ್ಟು ಪುರುಸೊತ್ತಿರುವುದಿಲ್ಲ. ತಮಾಷೆಯೆಂದರೆ, ಆಲ್ಪ್ಸ್ ಪರ್ವತದ ತಪ್ಪಲಿಗೆ ಹಿಮದ ಮೇಲೆ ಜಾರಾಡಲು ಹೋಗುವ ಪ್ರವಾಸಿಗರಿಗೆ ಅಲ್ಲಿಯವರು ಹೇಳುವ ಬುದ್ಧಿಮಾತೂ ಅಕ್ಷರಶಃ ಇದೇ. ಊಟಕ್ಕೆಂದು ಹೋಟೆಲಿನೊಳಗೆ ಹೋಗುವಾಗ ಎರಡು ಸ್ಕೀಗಳನ್ನು ಒಟ್ಟಿಗೆ ನಿಲ್ಲಿಸಬೇಡಿ, ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ನಿಲ್ಲಿಸಿ. ಜೊತೆಗೆ ಸ್ನೇಹಿತನಿದ್ದರೆ ಅವನದೊಂದು, ನಿಮ್ಮದೊಂದು ಸೇರಿಸಿ ಅದಲುಬದಲು ಜೋಡಿ ಮಾಡಿ ಇಡಿ ಎನ್ನುತ್ತಾರೆ. ಕಡೂರಿನ ಅಜ್ಜಿಗೂ ಆಸ್ಟ್ರಿಯದ ತರಬೇತುದಾರನಿಗೂ ಒಂದೇ ಉಪಾಯ ಹೊಳೆದಿದೆ!

ಸ್ಕೀ ಎಂದರೆ ಮುಂತುದಿ ಮೇಲಕ್ಕೆ ಬಾಗಿದ, ಆಳೆತ್ತರಕ್ಕೆ ಹತ್ತಿರವಿರುವ ಕಿರಿದಾದ ಎರಡು ಹಲಗೆಗಳು. ಗಡುಸು ಪ್ಲಾಸ್ಟಿಕ್ಕಿನ ಬೂಟು ತೊಟ್ಟು, ಬೂಟನ್ನು ಹಲಗೆಗೆ ಕೊಂಡಿಯಿಂದ ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ಕೋಲು ಹಿಡಿದು ಇಳಿಜಾರಿನಲ್ಲಿ ಜಾರಬೇಕು. ನಮ್ಮ ದೇಶದಲ್ಲಿ ಇದಕ್ಕೆ ಕಾಶ್ಮೀರದ ಗುಲ್‌ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿ ಪಕ್ಕದ ಸೋಲಂಗ್ ಕಣಿವೆ ಹೆಸರಾದ ಜಾಗಗಳು. ಹಿಮವನ್ನೇ ಕಾಣದ ಕರ್ನಾಟಕಕ್ಕೂ ಈ ಆಟಕ್ಕೂ ಏನು ನಂಟು ಎಂದು ಕೇಳುವಂತಿಲ್ಲ. ಕೊಡಗಿನ ತೆಕ್ಕಡ ಭವಾನಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀ ಓಟದಲ್ಲೇ ರಾಜ್ಯಕ್ಕೆ ಪದಕ ತಂದವರು. ಎನ್‌ಸಿಸಿಯಲ್ಲಿರುವ, ಚಾರಣದ ಹುಚ್ಚು ಹತ್ತಿಸಿಕೊಂಡ ಕಾಲೇಜು ಹುಡುಗ ಹುಡುಗಿಯರು ಬಯಲುಸೀಮೆಯಿಂದಲೂ ಹಿಮಾಲಯದ ದಾರಿ ಹಿಡಿಯುತ್ತಾರೆ. ಅಡಿಕೆಯೋ ಈರುಳ್ಳಿಯೋ ಮಾರಿದ ಹಣದಲ್ಲಿ ಮನೆಯವರು ಕಳಿಸಿರುತ್ತಾರೆ. ಅಂಥವರಿಗೆ ಬಾಡಿಗೆಗೆ ತಂದ ಸ್ಕೀ ಜೋಡಿ ಕಳೆದುಹೋದರೆ ಅದರ ಬೆಲೆ ಕಟ್ಟಿಕೊಡುವುದು ಸಣ್ಣ ಮಾತಲ್ಲ.

ಆದರೆ ಅಲ್ಲಿ ಸಾಮಾನು ಕಳೆಯುವುದಕ್ಕೆ ಯಾವಾಗಲೂ ಕಳ್ಳನೇ ಬೇಕಿಲ್ಲ. ಬಾಡಿಗೆಯ ಸ್ಕೀಗಳೆಲ್ಲ ಒಂದೇ ಕಂಪನಿಯವು, ಒಂದೇ ಬಣ್ಣದವು. ಗೋಡೆಗೆ ಒರಗಿಸಿದ ಸಾಲಿನಿಂದ ತನ್ನದೆಂದುಕೊಂಡು ಬೇರೆಯವರದನ್ನು ಎತ್ತಿಕೊಂಡು ಹೋಗುವುದು ಬಹಳ ಸುಲಭ. ಮದುವೆಮನೆಯಲ್ಲಿ ಕೊಡೆ ಬದಲಾಗುವುದಿಲ್ಲವೇ, ಹಾಗೆ. ಬದಲಾದರೆ ಹಣದ ಮಾತು ಒಂದು ಕಡೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬಿದ್ದಾಗ ಬೂಟು ಹಲಗೆಯಿಂದ ತಾನಾಗಿ ಕಳಚಿಕೊಳ್ಳಬೇಕು. ಅದು ಎಷ್ಟು ಬಲಕ್ಕೆ ಕಳಚಬೇಕೆಂಬುದನ್ನು ಜಾರುವವನ ತೂಕ, ಎತ್ತರ, ವಯಸ್ಸು, ಅನುಭವ, ಬೂಟಿನ ಅಳತೆ ನೋಡಿ ಕೊಂಡಿಯಲ್ಲಿ ಹೊಂದಿಸಿಕೊಟ್ಟಿರುತ್ತಾರೆ. ಎಂಬತ್ತು ಕೆ.ಜಿ. ತೂಕದವನ ಸ್ಕೀ ಐವತ್ತು ಕೆ.ಜಿ. ಹುಡುಗಿಯ ಕಾಲಿಗೆ ಬಂದರೆ, ಬಿದ್ದಾಗ ಕೊಂಡಿ ಬಿಡುವುದಿಲ್ಲ, ಮೊಣಕಾಲು ತಿರುಚುತ್ತದೆ. ಆದ್ದರಿಂದ ಸ್ಕೀ ಕೈಗೆ ಬಂದ ಕೂಡಲೇ ಅದರ ನಂಬರ್ ಬರೆದುಕೊಂಡು, ಫೋಟೋ ತೆಗೆದು, ಒಂದು ತುಂಡು ಬಣ್ಣದ ಟೇಪು ಅಂಟಿಸುವುದು ಒಳ್ಳೆಯದು. ಹತ್ತು ರೂಪಾಯಿಯ ಟೇಪು ಮೂಳೆ ಉಳಿಸುತ್ತದೆ.

ಸಂಜೆ ಕೋಣೆಗೆ ಬಂದ ಮೇಲೆ ಇನ್ನೊಂದು ಶತ್ರು ಕಾದಿರುತ್ತದೆ: ನೀರು. ಸ್ಕೀಯ ಅಂಚಿನಲ್ಲಿ ತೆಳುವಾದ ಉಕ್ಕಿನ ಪಟ್ಟಿ ಇರುತ್ತದೆ. ಒರೆಸದೆ ಹಾಗೆಯೇ ಚೀಲಕ್ಕೆ ತುರುಕಿದರೆ ಬೆಳಗ್ಗೆ ಹೊತ್ತಿಗೆ ಅದರ ಮೇಲೆ ಕಂದು ತುಕ್ಕು. ಬೂಟು ಒದ್ದೆಯಾಗಿದೆಯೆಂದು ಬುಖಾರಿ ಒಲೆಯ ಪಕ್ಕಕ್ಕೇ ಇಡುವವರಿದ್ದಾರೆ. ಶಾಖಕ್ಕೆ ಪ್ಲಾಸ್ಟಿಕ್ಕು ಸೊಟ್ಟಗಾದರೆ ಆ ಬೂಟು ಮತ್ತೆ ಕೊಂಡಿಗೆ ಸರಿಯಾಗಿ ಕೂರುವುದಿಲ್ಲ. ಒಳಗಿನ ಮೆತ್ತೆ ತೆಗೆದು ಗಾಳಿಗೆ ಇಡಬೇಕು, ಅಷ್ಟೇ.

ಇರಲಿ, ಗುಲ್‌ಮಾರ್ಗ್ ದೂರದ ಮಾತಾಯಿತು. ಕಡೂರು, ತರೀಕೆರೆ, ಅಜ್ಜಂಪುರದವರಿಗೆ ಬೆಟ್ಟದ ರಜೆ ಎಂದರೆ ಕಣ್ಣೆದುರಿಗಿರುವ ಬಾಬಾಬುಡನ್ ಗಿರಿಶ್ರೇಣಿ. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ಎಲ್ಲಕ್ಕೂ ಈ ಊರುಗಳೇ ಬಾಗಿಲು. ಸಾಮಾನು ಸಾಗಿಸುವ ವಿಷಯದಲ್ಲಿ ಅಜ್ಜಂಪುರಕ್ಕೆ ಒಂದು ಹಳೆಯ ನಂಟೂ ಉಂಟು. ಅಲ್ಲಿನ ತಳಿ ಸಂವರ್ಧನ ಕೇಂದ್ರದಲ್ಲಿ ಸಾಕುತ್ತಿರುವ ಅಮೃತಮಹಲ್ ರಾಸುಗಳ ಪೂರ್ವಜರೇ ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸರಂಜಾಮನ್ನು ಎಳೆದು ತಂದವು. ಸಾಮಾನು ಹಿಂದೆ ಬಿದ್ದ ಸೈನ್ಯ ಸೋತ ಸೈನ್ಯ ಎಂಬುದು ಅಂದಿನ ದಂಡನಾಯಕರಿಗೆ ಚೆನ್ನಾಗಿ ಗೊತ್ತಿತ್ತು. ಇಂದಿನ ಚಾರಣಿಗರಿಗೆ ಅದು ಗೊತ್ತಾಗುವುದು ಬೆಳಗಿನ ಜಾವ ತರೀಕೆರೆ ನಿಲ್ದಾಣದಲ್ಲಿ ಇಳಿದು ಬೆನ್ನುಚೀಲ ಹುಡುಕುವಾಗ.

ಬೆಂಗಳೂರಿನಿಂದ ರಾತ್ರಿ ಹೊರಟು ತಾಳಗುಪ್ಪದ ಕಡೆ ಹೋಗುವ ರೈಲು ಕಡೂರು, ಬೀರೂರು, ತರೀಕೆರೆಗಳನ್ನು ಮುಟ್ಟುವುದು ಜನ ಗಾಢ ನಿದ್ದೆಯಲ್ಲಿರುವ ಹೊತ್ತಿಗೆ. ರೈಲಿನಲ್ಲಿ ಸಾಮಾನು ಹೋದರೆ ಇಲಾಖೆ ಕಟ್ಟಿಕೊಡುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. 1989ರ ರೈಲ್ವೆ ಕಾಯಿದೆಯ 100ನೇ ಕಲಮು ಹೇಳುವುದು ಬೇರೆ. ಬುಕ್ ಮಾಡಿ ರಶೀದಿ ಪಡೆಯದ ಸಾಮಾನಿಗೆ ರೈಲ್ವೆ ಹೊಣೆಯಲ್ಲ. ಪ್ರಯಾಣಿಕ ತನ್ನ ವಶದಲ್ಲೇ ಇಟ್ಟುಕೊಂಡ ಸಾಮಾನಾದರೆ, ಅದು ಹೋದದ್ದು ಸಿಬ್ಬಂದಿಯ ನಿರ್ಲಕ್ಷ್ಯದಿಂದ ಎಂದು ತೋರಿಸಿಕೊಡಬೇಕು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣವೊಂದು ಬಂದಿತ್ತು. ವ್ಯಾಪಾರಿಯೊಬ್ಬರು ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡಿದ್ದ 1 ಲಕ್ಷ ರೂಪಾಯಿ ರೈಲಿನಲ್ಲಿ ಕಳುವಾಗಿತ್ತು. ತನ್ನ ವಸ್ತುವನ್ನು ತಾನೇ ಕಾಯ್ದುಕೊಳ್ಳಲಾಗದಿದ್ದರೆ ರೈಲ್ವೆಯ ಸೇವೆಯಲ್ಲಿ ಕೊರತೆಯಾಯಿತೆಂದು ಹೇಳಲಾಗದು ಎಂಬುದು ಕೋರ್ಟಿನ ತೀರ್ಪು. ಕಠಿಣ ಮಾತು, ಆದರೆ ತಿಳಿದಿರಬೇಕಾದ್ದು.

ಹಾಗಾಗಿ ಕೆಳಗಿನ ಬರ್ತಿನ ಅಡಿಯಲ್ಲಿರುವ ಕಬ್ಬಿಣದ ಬಳೆಗೆ ಸರಪಳಿ ಹಾಕಿ ಬೀಗ ಜಡಿಯುವುದು ಹಳ್ಳಿತನವಲ್ಲ, ಜಾಣತನ. ಸರಪಳಿಯನ್ನು ಚೀಲದ ಒಂದು ಪಟ್ಟಿಗಷ್ಟೇ ಸಿಕ್ಕಿಸಿದರೆ ಸಾಲದು. ಬ್ಲೇಡಿಗೆ ಅದು ಒಂದು ಕ್ಷಣದ ಕೆಲಸ. ಎರಡು ಭುಜಪಟ್ಟಿ, ಸೊಂಟಪಟ್ಟಿ ಎಲ್ಲದರೊಳಗೂ ಹಾಯಿಸಬೇಕು. ನಂಬರಿನ ಬೀಗದ ಲೆಕ್ಕವನ್ನೂ ನೋಡಬಹುದು. ಮೂರು ಅಂಕಿಯ ಬೀಗದಲ್ಲಿ 000ರಿಂದ 999ರವರೆಗೆ ಒಟ್ಟು 1000 ಸಾಧ್ಯತೆಗಳು. ಒಂದೊಂದಕ್ಕೆ ಮೂರು ಸೆಕೆಂಡ್ ಹಿಡಿದರೂ 3000 ಸೆಕೆಂಡ್, ಅಂದರೆ 50 ನಿಮಿಷ. ಅರಸೀಕೆರೆ ದಾಟಿ ಕಡೂರು ಬರುವಷ್ಟರಲ್ಲಿ ತಾಳ್ಮೆಯ ಕಳ್ಳ ಅರ್ಧಕ್ಕಿಂತ ಹೆಚ್ಚು ಮುಗಿಸಿರುತ್ತಾನೆ. ಅದೇ ನಾಲ್ಕು ಅಂಕಿಯದಾದರೆ 10,000 ಸಾಧ್ಯತೆ, 8 ಗಂಟೆ 20 ನಿಮಿಷ. ಒಂದೇ ಒಂದು ಅಂಕಿ ಹೆಚ್ಚಿಸಿದ್ದಕ್ಕೆ ಹತ್ತು ಪಟ್ಟು ರಕ್ಷಣೆ. ಆದರೆ ಹುಟ್ಟಿದ ಇಸವಿಯನ್ನೇ ಇಡುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಳ್ಳ ಮೊದಲು ನೋಡುವುದೂ ಅದನ್ನೇ.

ಹಣ, ಗುರುತಿನ ಚೀಟಿ, ದಿನನಿತ್ಯದ ಮಾತ್ರೆ, ಆಸ್ತಮಾ ಇರುವವರ ಇನ್‌ಹೇಲರ್ ಇವು ಬೆನ್ನುಚೀಲದಲ್ಲಿ ಇರಬಾರದು, ಮೈಮೇಲಿರಬೇಕು. ಚೀಲ ಹೋದರೆ ರಜೆ ಹಾಳು, ಇನ್‌ಹೇಲರ್ ಹೋದರೆ ಬೆಟ್ಟದ ಚಳಿಗಾಳಿಯಲ್ಲಿ ಪ್ರಾಣಕ್ಕೇ ಸಂಚಕಾರ. ಕಳವಾಗಿದೆ ಎಂದು ಗೊತ್ತಾದರೆ ಊರು ಸೇರುವವರೆಗೆ ಕಾಯಬೇಕಾಗಿಲ್ಲ. ಓಡುವ ರೈಲಿನಲ್ಲೇ ಟಿಟಿಇ ಅಥವಾ ಗಾರ್ಡ್ ಬಳಿ ದೂರು ಬರೆದು ಕೊಡಬಹುದು, 139ಕ್ಕೆ ಫೋನ್ ಮಾಡಬಹುದು. ಮೊಬೈಲ್ ಹೋದರೆ ಅದರ ಐಎಂಇಐ ಸಂಖ್ಯೆ ಬೇಕಾಗುತ್ತದೆ. *#06# ಒತ್ತಿದರೆ ಹದಿನೈದು ಅಂಕಿಯ ಆ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಹೊರಡುವ ಮೊದಲೇ ಬರೆದು ಮನೆಯಲ್ಲಿಟ್ಟಿದ್ದರೆ, ಪೊಲೀಸ್ ದೂರಿನ ಪ್ರತಿಯೊಂದಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ಫೋನು ನಡೆಯದಂತೆ ಮಾಡಿಸಬಹುದು. ಫೋನ್ ಕಳೆದ ಮೇಲೆ ಅದರಲ್ಲೇ ಇದ್ದ ಸಂಖ್ಯೆಯನ್ನು ನೆನಪಿಸಿಕೊಳ್ಳುವವರೇ ಹೆಚ್ಚು!

ಕಲ್ಲತ್ತಿಗಿರಿಯಲ್ಲಿ ಕಥೆ ಬೇರೆ. ವೀರಭದ್ರಸ್ವಾಮಿಯ ಗುಡಿಯ ಪಕ್ಕದಲ್ಲೇ ಧುಮುಕುವ ನೀರು ನೋಡಿದ ಕೂಡಲೇ ಎಲ್ಲರೂ ಬಟ್ಟೆ, ಚೀಲ, ಕಾರಿನ ಕೀಲಿ ಬಂಡೆಯ ಮೇಲಿಟ್ಟು ಒಟ್ಟಿಗೇ ಇಳಿಯುತ್ತಾರೆ. ಸರದಿಯ ಮೇಲೆ ಒಬ್ಬರು ದಡದಲ್ಲಿ ಕೂತರೆ ಸಾಕು. ಕೂತವರು ಮನುಷ್ಯರನ್ನಷ್ಟೇ ಅಲ್ಲ, ಮಂಗಗಳನ್ನೂ ಗಮನಿಸಬೇಕು. ಪ್ಲಾಸ್ಟಿಕ್ ಕವರಿನ ಸರಬರ ಸದ್ದೇ ಅವಕ್ಕೆ ಆಮಂತ್ರಣ. ಬುತ್ತಿ ಎಂದುಕೊಂಡು ಕ್ಯಾಮೆರಾ ಚೀಲವನ್ನೇ ಮರಕ್ಕೆ ಒಯ್ದರೆ ಅದರ ಮೇಲೆ ಯಾವ ಠಾಣೆಯಲ್ಲೂ ದೂರು ಕೊಡುವಂತಿಲ್ಲ.

ಮೇಲಕ್ಕೆ ಹೋದಷ್ಟೂ ಕಳ್ಳರು ಕಡಿಮೆ, ನೀರು ಹೆಚ್ಚು. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್, ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂಬ ಲೆಕ್ಕದಲ್ಲಿ ಶಿಖರ ಊರಿಗಿಂತ ಏಳೂವರೆ ಡಿಗ್ರಿಯಷ್ಟು ತಣ್ಣಗೆ. ಜೊತೆಗೆ ಗಾಳಿ, ಮಂಜು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಒದ್ದೆ ಬಟ್ಟೆ ಮೈಗಂಟಿದರೆ ದೇಹದ ಬಿಸಿ ಸೋರಿಹೋಗುವುದು ಅದಕ್ಕೇ. ಮಳೆಯನ್ನು ಕಾಯುತ್ತ ಕೂರುವ ಬಯಲುಸೀಮೆಯವರಿಗೆ ಗುಡ್ಡದ ಆಚೆ ಮಗ್ಗುಲಿನ ಮಳೆ ಎಂಥದೆಂದು ಥಟ್ಟನೆ ಅಂದಾಜಾಗುವುದಿಲ್ಲ. ಚೀಲದ ಮೇಲೆ ಹೊದಿಸುವ ಕವರನ್ನು ನಂಬದೆ, ಒಳಗೇ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಉಡುಪನ್ನು ಗಂಟು ಹಾಕಿ ಇಡಬೇಕು. ಅದನ್ನು ಕೆಳಗಿಳಿದು ಬರುವವರೆಗೆ, ತೀರಾ ನಡುಕ ಬಂದರೆ ಹೊರತು, ಬಿಚ್ಚಬಾರದು.

ಇಲ್ಲಿ ಬೂಟಿನ ಮಾತೂ ಬರುತ್ತದೆ. ಎಷ್ಟೋ ಮಂದಿ ಒಳ್ಳೆಯ ಚಾರಣದ ಬೂಟನ್ನು ನಾಲ್ಕೈದು ವರ್ಷ ಅಟ್ಟದ ಮೇಲೆ ಜೋಪಾನವಾಗಿ ಇಟ್ಟು, ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಹಾಕಿ ನಡೆದರೆ ಅಟ್ಟೆ ಅಟ್ಟೆಯಾಗಿ ಕಳಚಿ ಕೈಗೆ ಬರುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದು ಬೈಯುತ್ತಾರೆ. ಮೋಸವಲ್ಲ, ರಸಾಯನಶಾಸ್ತ್ರ. ಅಟ್ಟೆಯ ನಡುವಿನ ಮೆತ್ತನೆಯ ಪದರ ಹಲವು ಬೂಟುಗಳಲ್ಲಿ ಪಾಲಿಯುರೆಥೇನ್‌ನದು. ಗಾಳಿಯ ತೇವಾಂಶ ಅದರ ಉದ್ದುದ್ದ ಅಣುಸರಪಳಿಗಳನ್ನು ನಿಧಾನವಾಗಿ ಕತ್ತರಿಸುತ್ತದೆ. ಜಲವಿಚ್ಛೇದನ ಎನ್ನುವುದು ಇದನ್ನೇ. ಹೊರಗೆ ಹೊಸದರಂತೆ ಕಂಡರೂ ಒಳಗೆ ಹಳೆಯ ಬೆಲ್ಲದಂತೆ ಪುಡಿಯಾಗಿರುತ್ತದೆ. ಬಳಸದೆ ಕಟ್ಟಿಟ್ಟ ಬೂಟು ಬಳಸಿದ್ದಕ್ಕಿಂತ ಬೇಗ ಹಾಳಾಗಬಹುದು ಎಂದರೆ ನಂಬುವುದು ಕಷ್ಟ, ಆದರೆ ನಿಜ. ಹೊರಡುವ ಹದಿನೈದು ದಿನ ಮುಂಚೆ ಹಾಕಿಕೊಂಡು ಹೊಲದ ಬದುವಿನ ಮೇಲೆ ನಾಲ್ಕು ದಿನ ಓಡಾಡಿದರೆ ಗುಣ ಗೊತ್ತಾಗುತ್ತದೆ.

ಮರಳಿ ಬಂದ ದಿನ ದಣಿವಿನಲ್ಲಿ ಚೀಲ ಮೂಲೆಗೆ ಬೀಳುತ್ತದೆ. ಒದ್ದೆ ಡೇರೆಯ ಬಟ್ಟೆಗೆ ಬೂಷ್ಟು ಹಿಡಿಯುವುದಕ್ಕೆ ಎರಡು ಮೂರು ದಿನ ಸಾಕು. ಅಂದೇ ಬಿಚ್ಚಿ ನೆರಳಲ್ಲಿ ಹರವಬೇಕು. ಬಿಸಿಲಿನ ನೇರಳಾತೀತ ಕಿರಣ ನೈಲಾನನ್ನು ಬಲಗುಂದಿಸುತ್ತದೆ. ಮಲಗುವ ಚೀಲವನ್ನು ಅದರ ಪುಟ್ಟ ಸಂಚಿಯಲ್ಲಿ ಅದುಮಿ ಇಡದೆ ಸಡಿಲವಾಗಿ ತೂಗುಹಾಕಬೇಕು. ಒಳಗಿನ ನಾರು ಅದುಮಿಕೊಂಡರೆ ಗಾಳಿ ಹಿಡಿಯುವುದಿಲ್ಲ, ಗಾಳಿಯಿಲ್ಲದೆ ಬೆಚ್ಚಗಾಗುವುದಿಲ್ಲ. ಕ್ಯಾಮೆರಾವನ್ನು ಬೆಟ್ಟದ ತಂಪಿನಿಂದ ಕೆಳಗಿನ ಸೆಕೆಗೆ ತಂದ ಕೂಡಲೇ ತೆಗೆಯದೆ, ಚೀಲದೊಳಗೇ ಒಂದು ಗಂಟೆ ಬಿಟ್ಟರೆ ಲೆನ್ಸಿನ ಮೇಲೆ ಹನಿ ಕಟ್ಟುವುದಿಲ್ಲ. ಅದರ ಜೊತೆಗಿಡುವ ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿಗೆ ತಿರುಗಿದ್ದರೆ ತೇವ ಹೀರಿ ತುಂಬಿಹೋಗಿದೆ ಎಂದರ್ಥ. ಬದಲಿಸಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆ ಉಂಡೆ ಮಾಡಿ ತುರುಕಿ, ಒದ್ದೆಯಾದಾಗಲೆಲ್ಲ ಬದಲಾಯಿಸುತ್ತಿದ್ದರೆ ಎರಡು ದಿನದಲ್ಲಿ ಒಣಗುತ್ತದೆ. ಈ ಪುರವಣಿಯೂ ಆದೀತು, ಓದಿ ಮುಗಿಸಿದ್ದರೆ.