ಹ್ಯಾಮ್ ಕ್ಲಬ್ ಮಾಡುವುದಾದರೆ ಕಷ್ಟದ ಬ್ಯಾಂಡಿನಿಂದಲೇ ಮಾಡೋಣ

ನಮ್ಮ ಕಾಲೇಜಿಗೂ ಒಂದು ಹ್ಯಾಮ್ ರೇಡಿಯೋ ಕ್ಲಬ್ ಬೇಕು ಎಂಬ ಮಾತು ವಿಜ್ಞಾನ ವಿಭಾಗದಲ್ಲಿ ಆಗಾಗ ಕೇಳಿಬರುತ್ತದೆ. ಸರಕಾರದ ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದು, ಹಣದ ಆಸೆಯಿಲ್ಲದೆ ರೇಡಿಯೋ ಕೇಂದ್ರ ನಡೆಸುವ ಹವ್ಯಾಸಿಯೇ ಹ್ಯಾಮ್. ಮಾತು ಶುರುವಾದ ಕೂಡಲೇ ಯಾರಾದರೂ ಕೇಳುತ್ತಾರೆ: "ದುಬೈಯಲ್ಲಿರುವ ಅಣ್ಣನ ಮುಖ ಮೊಬೈಲಿನಲ್ಲೇ ಕಾಣುವಾಗ ಇದೆಲ್ಲ ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಕೇವಲ ಮಾತನಾಡಲಿಕ್ಕಾದರೆ ಹ್ಯಾಮ್ ರೇಡಿಯೋ ಬೇಡ. ಆದರೆ ಕಲಿಯಲಿಕ್ಕೆ ಬೇಕು. ಕಲಿಯಲಿಕ್ಕಾದರೆ ಸುಲಭದ ಬ್ಯಾಂಡುಗಳಿಗಿಂತ 'ಟಾಪ್ ಬ್ಯಾಂಡ್' ಎಂದು ಹೆಸರಾದ 160 ಮೀಟರ್ ಬ್ಯಾಂಡನ್ನೇ ಗುರಿಯಾಗಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇದರ ಆವರ್ತನ ಸುಮಾರು 1.8 ಮೆಗಾಹರ್ಟ್ಸ್. ಹಗಲಿನಲ್ಲಿ ಈ ಬ್ಯಾಂಡ್ ದೂರದ ಸಂಪರ್ಕಕ್ಕೆ ಸತ್ತಂತೆಯೇ. ನೆಲದಿಂದ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ ಬಿಸಿಲು 'ಡಿ' ಪದರವನ್ನು ಸೃಷ್ಟಿಸುತ್ತದೆ. ರೇಡಿಯೋ ಅಲೆ ಅಲ್ಲಿನ ಇಲೆಕ್ಟ್ರಾನುಗಳನ್ನು ಅಲುಗಾಡಿಸುತ್ತದೆ, ಅವು ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆಯುತ್ತವೆ, ಅಲೆಯ ಶಕ್ತಿ ಶಾಖವಾಗಿ ಹೋಗುತ್ತದೆ. ಆವರ್ತನ ಕಡಿಮೆಯಾದಷ್ಟೂ ನಷ್ಟ ಹೆಚ್ಚು. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರದವರೆಗೆ ಹೋಗಿ ಭೂಮಿಗೆ ಮರಳುತ್ತವೆ. 1902ರಲ್ಲಿ ಮಾರ್ಕೋನಿ 'ಫಿಲಡೆಲ್ಫಿಯಾ' ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಾಗ, ಹಗಲಿಗಿಂತ ರಾತ್ರಿ ಎಷ್ಟೋ ಹೆಚ್ಚು ದೂರದಿಂದ ಸಂಕೇತಗಳು ಸಿಗುವುದನ್ನು ಗಮನಿಸಿದ್ದ. ಕಾರಣ ಗೊತ್ತಾಗಲು ವರ್ಷಗಳೇ ಹಿಡಿದವು.

ಆದ್ದರಿಂದ ಟಾಪ್ ಬ್ಯಾಂಡಿನಲ್ಲಿ ಕೆಲಸ ಮಾಡುವವರ ಕಣ್ಣು ಸದಾ ಸೂರ್ಯೋದಯ, ಸೂರ್ಯಾಸ್ತದ ಮೇಲೆ. ಎರಡೂ ತುದಿಗಳಲ್ಲಿ ಕತ್ತಲಿರಬೇಕು. ಒಂದು ತುದಿಯಲ್ಲಿ ಬೆಳಗಾಗುವ ಅಥವಾ ಕತ್ತಲಾಗುವ ಹೊತ್ತಿನ ಕೆಲವೇ ನಿಮಿಷ ಸಂಕೇತ ಕೆಲವೊಮ್ಮೆ ಇದ್ದಕ್ಕಿದ್ದಂತೆ ಜೋರಾಗುತ್ತದೆ. ನಮ್ಮಲ್ಲಿ ಮಗ್ರಿಬ್ ಆಗುವಾಗ ಜಪಾನಿನಲ್ಲಿ ಆಗಲೇ ರಾತ್ರಿ. ನಮ್ಮ ಫಜ್ರ್ ಹೊತ್ತಿಗೆ ಯುರೋಪಿನಲ್ಲಿ ನಡುರಾತ್ರಿ. ಮಸೀದಿಯ ಗೋಡೆಯ ಮೇಲಿನ ನಮಾಝ್ ವೇಳಾಪಟ್ಟಿಯನ್ನು ನಿಮಿಷ ಲೆಕ್ಕದಲ್ಲಿ ನೋಡಿ ಬೆಳೆದ ನಮಗೆ ಈ ಲೆಕ್ಕಾಚಾರ ಹೊಸದಲ್ಲ.

ಇನ್ನೊಂದು ಕಷ್ಟ ಆಂಟೆನಾದ್ದು. ತರಂಗದ ಉದ್ದದ ಕಾಲು ಭಾಗದಷ್ಟು ಎತ್ತರದ ಕಂಬ ನಿಲ್ಲಿಸಬೇಕೆಂದರೂ ಸುಮಾರು 40 ಮೀಟರ್ ಬೇಕು. ತಂತಿಯನ್ನು ಸಾಧ್ಯವಾದಷ್ಟು ಮೇಲಕ್ಕೆ ಎಳೆದು ಉಳಿದದ್ದನ್ನು ಅಡ್ಡಕ್ಕೆ ಕಟ್ಟಿದರೂ ಜಾಗ ಬೇಕು. ಓಣಿಯ ಮನೆಯಲ್ಲಿ, ಬಾಡಿಗೆ ಫ್ಲ್ಯಾಟಿನಲ್ಲಿ ಇದು ಆಗದ ಮಾತು. ಸುತ್ತಲಿನ ಚಾರ್ಜರ್, ಎಲ್‌ಇಡಿ ಬಲ್ಬುಗಳ ಗದ್ದಲ ಬೇರೆ. ನಮ್ಮಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಎಂದೂ ಮಾಡಲಾಗದ ಕೆಲಸ ಇದು. ಕಾಲೇಜಿಗೆ ಮೈದಾನವಿದೆ, ಅಂಚಿನಲ್ಲಿ ಮರಗಳಿವೆ, ಲ್ಯಾಬ್ ಇದೆ. ಸಂಸ್ಥೆಯೊಂದು ಕೈಹಾಕಬೇಕಾದದ್ದು ಇಂಥ ಕೆಲಸಕ್ಕೇ ಅಲ್ಲವೇ?

ಇತಿಹಾಸವೂ ಇದನ್ನೇ ಹೇಳುತ್ತದೆ. 1921ರ ಫೆಬ್ರವರಿಯಲ್ಲಿ ಅಮೆರಿಕದ ಹವ್ಯಾಸಿಗಳ ಸಂಕೇತವನ್ನು ಬ್ರಿಟನ್ನಿನಲ್ಲಿ ಕೇಳುವ ಪ್ರಯತ್ನ ವಿಫಲವಾಯಿತು. ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬಾತನನ್ನು ಅಮೆರಿಕದ ಹವ್ಯಾಸಿಗಳ ಸಂಘವೇ ಸ್ಕಾಟ್ಲೆಂಡಿಗೆ ಕಳುಹಿಸಿತು. ಆತ ಆರ್ಡ್ರೊಸನ್ ಎಂಬಲ್ಲಿ ಕಡಲ ಬದಿಯ ಚಳಿಯಲ್ಲಿ ಟೆಂಟ್ ಹಾಕಿ, ನೂರಾರು ಮೀಟರ್ ಉದ್ದದ ತಂತಿ ಎಳೆದು ರಾತ್ರಿಯಿಡೀ ಕಿವಿಗೊಟ್ಟ. ಸುಮಾರು 230 ಮೀಟರ್ ತರಂಗದಲ್ಲಿ ಕನೆಕ್ಟಿಕಟ್‌ನ ಹವ್ಯಾಸಿ ಕೇಂದ್ರವೊಂದು ಕೇಳಿಸಿತು. ಆ ಕೇಂದ್ರವನ್ನು ಕಟ್ಟಿದ್ದೂ ಹಲವು ಗೆಳೆಯರು ಸೇರಿ.

ಆಕ್ಷೇಪಗಳಿವೆ. ರಾತ್ರಿ ಹೊತ್ತಿನ ಕೆಲಸವಾದರೆ ಹೆಣ್ಣುಮಕ್ಕಳು ಹೊರಗುಳಿಯುತ್ತಾರೆ ಎಂಬುದು ಅದರಲ್ಲಿ ದೊಡ್ಡದು. ಅವರನ್ನು ಬಿಟ್ಟು ನಡೆಯುವ ಕ್ಲಬ್ ನನಗೂ ಬೇಡ. ರಿಸೀವರನ್ನು ಕಂಪ್ಯೂಟರಿಗೆ ಜೋಡಿಸಿ ರಾತ್ರಿಯದ್ದನ್ನು ದಾಖಲಿಸಿಟ್ಟರೆ, ಬೆಳಿಗ್ಗೆ ಎಲ್ಲರೂ ಕೂತು ಕೇಳಿ ಲಾಗ್ ಬರೆಯಬಹುದು. ಓದಿಗೆ ತೊಂದರೆ ಎನ್ನುವವರಿಗೂ ಉತ್ತರವಿದೆ: ಈ ಬ್ಯಾಂಡಿಗೆ ಒಳ್ಳೆಯ ಕಾಲ ನವೆಂಬರಿನಿಂದ ಜನವರಿ. ಏಪ್ರಿಲ್-ಮೇ ತಿಂಗಳ ಸಿಡಿಲಿನ ಕಾಲದಲ್ಲಿ ಬರೀ ಚಟಪಟ ಸದ್ದು. ಆಗ ಆಂಟೆನಾ ಇಳಿಸಿಡುವುದೇ ಕ್ಷೇಮ.

ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವಂತಿಲ್ಲ. ಅದಕ್ಕೆ ಸಮಯ ಬೇಕು. ಅಲ್ಲಿಯವರೆಗೆ ಮನೆಯ ಹಳೆಯ ರೇಡಿಯೋ ಸಾಕು. 160 ಮೀಟರಿನ ಪಕ್ಕದ ಮಧ್ಯಮ ತರಂಗದಲ್ಲಿ ಮಧ್ಯಾಹ್ನ ಯಾವ ಕೇಂದ್ರಗಳು ಕೇಳುತ್ತವೆ, ಇಶಾ ನಮಾಝ್ ಆದ ಮೇಲೆ ಯಾವುವು ಕೇಳುತ್ತವೆ ಎಂದು ಒಂದು ವಾರ ಬರೆದಿಡಿ. ಪಟ್ಟಿ ಉದ್ದವಾಗುವುದನ್ನು ನೀವೇ ನೋಡುತ್ತೀರಿ.

ಭೌತಶಾಸ್ತ್ರ ಮತ್ತು ಇಲೆಕ್ಟ್ರಾನಿಕ್ಸ್ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ವಾರಕ್ಕೊಂದು ಪೀರಿಯಡ್ ಕೊಡಿ, ಪರೀಕ್ಷೆಗೆ ನಮ್ಮನ್ನು ತಯಾರು ಮಾಡಿ. ಪ್ರಾಂಶುಪಾಲರಲ್ಲಿ ಇನ್ನೊಂದು: ಮೈದಾನದ ಅಂಚಿನಲ್ಲಿ ತಂತಿ ಕಟ್ಟಲು ಅನುಮತಿ ಕೊಡಿ. ಮೊದಲ ವರ್ಷ ನಮಗೆ ಏನೂ ಕೇಳಿಸದೆ ಹೋಗಬಹುದು. ಹಾಗಾದರೆ ಯಾಕೆ ಕೇಳಿಸಲಿಲ್ಲ ಎಂದು ಹುಡುಕುವುದೇ ಆ ವರ್ಷದ ಪಾಠ.