ಅನ್ಯರು ಎಳೆದ ಗಡಿಗಳು

ಆಫ್ರಿಕ ಖಂಡದ ಭೂಪಟವನ್ನು ಒಮ್ಮೆ ಎದುರಿಗೆ ಹರಡಿಕೊಂಡು ನೋಡಿರಿ. ಸಾಮಾನ್ಯವಾಗಿ ದೇಶದೇಶಗಳ ನಡುವಣ ಎಲ್ಲೆಗಳು ನದಿಯ ಪಾತ್ರವನ್ನೋ ಬೆಟ್ಟಸಾಲನ್ನೋ ಅನುಸರಿಸಿ ಅಂಕುಡೊಂಕಾಗಿ ಸಾಗುತ್ತವೆ. ಆದರೆ ಈ ಖಂಡದಲ್ಲಿ ಎಷ್ಟೋ ಎಲ್ಲೆಗಳು ಅಳತೆಪಟ್ಟಿಯನ್ನಿಟ್ಟು ಗೀಟು ಹಾಕಿದಂತೆ ನೂರಾರು ಕಿಲೋಮೀಟರುಗಳವರೆಗೆ ನೆಟ್ಟಗೆ ಚಾಚಿಕೊಂಡಿವೆ. ಈಜಿಪ್ಟ್ ದೇಶದ ಪಶ್ಚಿಮದ ಮತ್ತು ದಕ್ಷಿಣದ ಗಡಿಗಳನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪ್ರಕೃತಿಯು ಇಂತಹ ಗೆರೆಗಳನ್ನು ಎಳೆಯುವುದಿಲ್ಲ. ಒಂದು ನೆಲದಲ್ಲಿ ತಲೆತಲಾಂತರದಿಂದ ಬಾಳಿದ ಜನರೂ ತಮ್ಮ ಸೀಮೆಯನ್ನು ಹೀಗೆ ಗೊತ್ತುಮಾಡಿಕೊಳ್ಳುವುದಿಲ್ಲ. ಹಾಗಾದರೆ ಇವುಗಳನ್ನು ಎಳೆದವರು ಯಾರು? ಎಳೆದವರು ಹೊರಟುಹೋದ ಮೇಲೆ ಆ ಗೆರೆಗಳನ್ನು ಏನು ಮಾಡಬೇಕು? ಮೊದಲನೆಯ ಪ್ರಶ್ನೆಗೆ ಇತಿಹಾಸವು ಸುಲಭವಾಗಿ ಉತ್ತರ ಕೊಡುತ್ತದೆ. ಎರಡನೆಯದು ಸ್ವಾತಂತ್ರ್ಯ ಪಡೆದ ರಾಷ್ಟ್ರಗಳನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆ.

1884ರ ನವೆಂಬರಿನಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕನು ಬರ್ಲಿನ್ ನಗರದಲ್ಲಿ ಒಂದು ಸಮ್ಮೇಳನವನ್ನು ನಡೆಸಿದನು. 14 ರಾಷ್ಟ್ರಗಳ ಪ್ರತಿನಿಧಿಗಳು ಮರುವರ್ಷದ ಫೆಬ್ರವರಿಯವರೆಗೆ ಅಲ್ಲಿ ಚರ್ಚಿಸಿದರು. ಚರ್ಚೆಯ ವಿಷಯ ಆಫ್ರಿಕ. ಆದರೆ ಆಫ್ರಿಕದ ಒಬ್ಬನೇ ಒಬ್ಬ ಪ್ರತಿನಿಧಿಯೂ ಆ ಸಭೆಯಲ್ಲಿರಲಿಲ್ಲ. ಇಡೀ ಖಂಡವನ್ನು ಅಲ್ಲಿಯೇ ಕುಳಿತು ಹಂಚಿಕೊಂಡರೆಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಹೊಸ ನೆಲವನ್ನು ಯಾವ ನಿಯಮದಂತೆ ವಶಪಡಿಸಿಕೊಳ್ಳಬಹುದೆಂಬುದನ್ನು ಅಲ್ಲಿ ನಿರ್ಧರಿಸಿದರು. ಮುಂದಿನ ಎರಡು ಮೂರು ದಶಕಗಳಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ, ಪೋರ್ಚುಗಲ್, ಬೆಲ್ಜಿಯಂ, ಇಟಲಿಗಳು ತಮ್ಮತಮ್ಮೊಳಗೆ ಒಪ್ಪಂದಗಳನ್ನು ಮಾಡಿಕೊಂಡು ಗೆರೆಗಳನ್ನು ಎಳೆದವು. ಬೆಟ್ಟಗಳನ್ನೂ ನದಿ ಸರೋವರಗಳನ್ನೂ ತಾವು ಪರಸ್ಪರ ದಾನ ಮಾಡಿಕೊಳ್ಳುತ್ತಿರುವೆವೆಂದೂ, ಅವು ಎಲ್ಲಿವೆಯೆಂಬುದು ಮಾತ್ರ ಸರಿಯಾಗಿ ತಿಳಿಯದೆಂದೂ ಬ್ರಿಟನ್ನಿನ ಪ್ರಧಾನಿ ಲಾರ್ಡ್ ಸಾಲಿಸ್‌ಬರಿಯೇ ನಗೆಮಾತಿನಲ್ಲಿ ಒಪ್ಪಿಕೊಂಡಿದ್ದನು. 1914ರ ವೇಳೆಗೆ ಇಥಿಯೋಪಿಯ ಮತ್ತು ಲೈಬೀರಿಯಗಳನ್ನು ಬಿಟ್ಟರೆ ಆಫ್ರಿಕವೆಲ್ಲವೂ ಪರರ ಆಳ್ವಿಕೆಗೆ ಒಳಗಾಗಿತ್ತು.

ಕಾಗದದ ಮೇಲಿನ ಗೆರೆ ನೆಲದ ಮೇಲಿನ ಬಾಳನ್ನು ಹೇಗೆ ಸೀಳಿತೆಂಬುದಕ್ಕೆ ಒಂದೆರಡು ನಿದರ್ಶನಗಳನ್ನು ನೋಡಬಹುದು. ಪಶ್ಚಿಮ ಆಫ್ರಿಕದ ಗ್ಯಾಂಬಿಯ ಎಂಬ ದೇಶವು ಅದೇ ಹೆಸರಿನ ನದಿಯ ಎರಡು ದಂಡೆಗಳಿಗೆ ಅಂಟಿಕೊಂಡಿರುವ ಕಿರಿದಾದ ಪಟ್ಟಿ. ಅದರ ಅಗಲ ಎಲ್ಲಿಯೂ ಸುಮಾರು 50 ಕಿಲೋಮೀಟರುಗಳನ್ನು ಮೀರುವುದಿಲ್ಲ. ಮೂರು ದಿಕ್ಕುಗಳಲ್ಲಿಯೂ ಸೆನೆಗಲ್ ದೇಶ ಅದನ್ನು ಸುತ್ತುವರಿದಿದೆ. ಎರಡೂ ಕಡೆಗಳಲ್ಲಿ ವೊಲೊಫ್, ಮಂಡಿಂಕ ಮೊದಲಾದ ಭಾಷೆಗಳನ್ನಾಡುವ ಒಂದೇ ಬಳಗದ ಜನರಿದ್ದಾರೆ. ಆದರೆ ನದಿಯ ದಂಡೆ ಬ್ರಿಟಿಷರಿಗೂ ಸುತ್ತಣ ನೆಲ ಫ್ರೆಂಚರಿಗೂ ಸೇರಿದುದರಿಂದ ಅಣ್ಣನ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನು ಕಲಿತರೆ ತಮ್ಮನ ಮಕ್ಕಳು ಫ್ರೆಂಚನ್ನು ಕಲಿಯಬೇಕಾಯಿತು. ಪೂರ್ವದಲ್ಲಿ ಸೋಮಾಲಿ ಜನರ ಪಾಡು ಇದಕ್ಕಿಂತಲೂ ಕಠಿಣವಾಯಿತು. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಬಗೆಯ ಪಶುಪಾಲನೆಯ ಬದುಕುಳ್ಳ ಅವರು ಬ್ರಿಟನ್, ಇಟಲಿ, ಫ್ರಾನ್ಸುಗಳ ಮೂರು ವಸಾಹತುಗಳಲ್ಲಿಯೂ ಇಥಿಯೋಪಿಯದ ಒಗಾಡೆನ್ ಸೀಮೆಯಲ್ಲಿಯೂ ಕೆನ್ಯದ ಉತ್ತರ ಭಾಗದಲ್ಲಿಯೂ ಹಂಚಿಹೋದರು. ಇಂದಿಗೂ ಆಫ್ರಿಕದ 16 ದೇಶಗಳಿಗೆ ಕಡಲತೀರವಿಲ್ಲ. ತಮ್ಮ ಬೆಳೆಯನ್ನು ಹೊರದೇಶಕ್ಕೆ ಸಾಗಿಸಬೇಕಾದರೆ ಅವು ನೆರೆಯವರ ಬಂದರನ್ನು ಆಶ್ರಯಿಸಲೇಬೇಕು.

1960ನೆಯ ವರ್ಷವೊಂದರಲ್ಲಿಯೇ ಆಫ್ರಿಕದ 17 ದೇಶಗಳು ಸ್ವತಂತ್ರವಾದವು. ಹಳೆಯ ಧ್ವಜಗಳು ಇಳಿದು ಹೊಸ ಧ್ವಜಗಳು ಏರಿದವು. ಹಾಗೆಯೇ ಹಳೆಯ ಗಡಿಗಳನ್ನೂ ಅಳಿಸಿ ಹಾಕಬೇಕೆಂಬ ಬಯಕೆ ಹುಟ್ಟಿದುದು ಸಹಜವೇ ಆಗಿತ್ತು. 1958ರಲ್ಲಿ ಘಾನ ದೇಶದ ಅಕ್ರ ನಗರದಲ್ಲಿ ಸೇರಿದ್ದ ಅಖಿಲ ಆಫ್ರಿಕ ಜನತಾ ಸಮ್ಮೇಳನವು ಸಾಮ್ರಾಜ್ಯಶಾಹಿಗಳು ಎಳೆದ ಕೃತಕ ಗಡಿಗಳನ್ನು ಬಲವಾಗಿ ಖಂಡಿಸಿತ್ತು. ಆದರೆ ಕೇವಲ ಆರು ವರ್ಷಗಳ ತರುವಾಯ, 1964ರ ಜುಲೈ ತಿಂಗಳಲ್ಲಿ, ಕೈರೋ ನಗರದಲ್ಲಿ ನೆರೆದ ಆಫ್ರಿಕ ಏಕತಾ ಸಂಸ್ಥೆಯ ನಾಯಕರು ಇದಕ್ಕೆ ವಿರುದ್ಧವೆಂದು ತೋರುವ ಒಂದು ನಿರ್ಣಯವನ್ನು ಕೈಗೊಂಡರು. ಸ್ವಾತಂತ್ರ್ಯ ಬಂದ ದಿನ ಯಾವ ಗಡಿಗಳಿದ್ದವೋ ಅವುಗಳನ್ನೇ ಎಲ್ಲರೂ ಗೌರವಿಸತಕ್ಕದ್ದು ಎಂಬುದೇ ಆ ನಿರ್ಣಯ. ಮುಂದೆ ಟಾಂಜಾನಿಯವೆಂದು ಹೆಸರಾದ ರಾಷ್ಟ್ರದ ಅಧ್ಯಕ್ಷ ಜೂಲಿಯಸ್ ನೈರೆರೆಯವರು ಇದರ ಪ್ರಮುಖ ಪ್ರತಿಪಾದಕರು. ಸೋಮಾಲಿಯ ಮತ್ತು ಮೊರಾಕೊ ಮಾತ್ರ ಇದಕ್ಕೆ ಒಪ್ಪಲಿಲ್ಲ.

ಕಳ್ಳನು ಎಳೆದ ಗೆರೆಯನ್ನು ಒಡೆಯನೇ ಒಪ್ಪಿಕೊಂಡಂತಾಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಆ ನಾಯಕರ ತೀರ್ಮಾನವು ಹೇಡಿತನದ್ದಲ್ಲ, ವಿವೇಕದ್ದು ಎಂದೇ ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳ ಬದುವಿನ ವ್ಯಾಜ್ಯಗಳನ್ನು ಬಲ್ಲವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ಅಜ್ಜನ ಕಾಲದಲ್ಲಿ ಅಳತೆಗೆ ಬಂದವನು ಬಾಂದುಕಲ್ಲನ್ನು ತಪ್ಪಾದ ಜಾಗದಲ್ಲಿ ನೆಟ್ಟು ಹೋಗಿರಬಹುದು. ಆದರೆ ಆ ಒಂದು ಕಲ್ಲನ್ನು ಬಲಾತ್ಕಾರದಿಂದ ಕಿತ್ತರೆ, ಅದನ್ನು ನೆಚ್ಚಿಕೊಂಡ ಸುತ್ತಮುತ್ತಣ ಹೊಲಗಳ ಎಲ್ಲೆಗಳೆಲ್ಲವೂ ಜಗಳಕ್ಕೆ ಬೀಳುತ್ತವೆ. ಆಫ್ರಿಕದ ಸ್ಥಿತಿಯೂ ಅದೇ. ನೈಜೀರಿಯವೊಂದರಲ್ಲಿಯೇ 250ಕ್ಕೂ ಹೆಚ್ಚು ಜನಾಂಗಗಳಿವೆ. ಭಾಷೆಗೊಂದು ಜನಾಂಗಕ್ಕೊಂದು ರಾಷ್ಟ್ರವೆಂದು ಹೊರಟರೆ ಆ ವಿಭಜನೆಗೆ ಕೊನೆಯೆಲ್ಲಿ? ಬೆರೆತು ಬಾಳುತ್ತಿರುವ ಊರುಗಳನ್ನು ಯಾವ ಗೆರೆಯಿಂದ ಬೇರ್ಪಡಿಸುವುದು?

ಒಂದೇ ರಾಷ್ಟ್ರದ ಒಳಗೆ ಗಡಿಗಳನ್ನು ತಿದ್ದುವ ಮಾತು ಬೇರೆ. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾದಾಗ ಚಳವಳಿ ನಡೆದಿತ್ತು, ಆಯೋಗವು ವಿಚಾರಣೆ ನಡೆಸಿತ್ತು, ಸಂಸತ್ತು ಕಾಯಿದೆಯನ್ನು ಮಾಡಿತ್ತು; ಆದರೆ ಸೈನ್ಯ ಕದಲಬೇಕಾಗಲಿಲ್ಲ. ಎಲ್ಲರಿಗೂ ಒಂದೇ ಸಂವಿಧಾನವಿದ್ದುದರಿಂದ ಅದು ಸಾಧ್ಯವಾಯಿತು. ಎರಡು ಸ್ವತಂತ್ರ ರಾಷ್ಟ್ರಗಳ ನಡುವೆ ಅಂತಹ ಸಂವಿಧಾನವಿಲ್ಲ. ಅಲ್ಲಿ ಗಡಿಯನ್ನು ಸರಿಸಲು ಇರುವ ದಾರಿಗಳು ಎರಡೇ: ಒಂದು ಪರಸ್ಪರ ಸಮ್ಮತಿ, ಇನ್ನೊಂದು ಯುದ್ಧ. ಸಮ್ಮತಿಯಿಂದ ಗೆರೆ ಅಳಿಸಿದ ಉದಾಹರಣೆಯೂ ಉಂಟು. 1964ರಲ್ಲಿ ಟಾಂಗನೀಕ ಮತ್ತು ಜಾಂಜಿಬಾರ್‌ಗಳು ಕೂಡಿ ಒಂದೇ ಗಣರಾಜ್ಯವಾದವು. ಆದರೆ ಅಂತಹ ಸಂದರ್ಭಗಳು ವಿರಳ.

ಎರಡನೆಯ ದಾರಿಯನ್ನು ಹಿಡಿದವರ ಗತಿಯೇನಾಯಿತೆಂಬುದನ್ನು ಸೋಮಾಲಿಯದ ಕಥೆ ಹೇಳುತ್ತದೆ. ಹಂಚಿಹೋದ ಐದು ಭಾಗಗಳನ್ನು ಒಂದುಗೂಡಿಸುವ ಆಶಯವನ್ನು ಸೂಚಿಸಲೆಂದೇ ಆ ದೇಶವು ತನ್ನ ಧ್ವಜದಲ್ಲಿ ಐದು ಮೊನೆಗಳ ನಕ್ಷತ್ರವನ್ನು ಇರಿಸಿಕೊಂಡಿತು. ಆ ಆಶಯದಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಅದನ್ನು ಸಾಧಿಸಲು ಹಿಡಿದ ಮಾರ್ಗ ಅನರ್ಥಕಾರಿಯಾಯಿತು. 1977ರಲ್ಲಿ ಸೋಮಾಲಿಯದ ಸೈನ್ಯವು ಒಗಾಡೆನ್ ಸೀಮೆಯನ್ನು ಹೊಕ್ಕಿತು. ಅಲ್ಲಿಯವರೆಗೆ ಅದಕ್ಕೆ ಶಸ್ತ್ರಾಸ್ತ್ರಗಳನ್ನು ಒದಗಿಸುತ್ತಿದ್ದ ಸೋವಿಯತ್ ಒಕ್ಕೂಟವು ಇಥಿಯೋಪಿಯದ ಪಕ್ಷಕ್ಕೆ ಹೊರಳಿತು; ಕ್ಯೂಬದ ಸೈನಿಕರು ಇಥಿಯೋಪಿಯದ ನೆರವಿಗೆ ಬಂದರು. 1978ರ ಮಾರ್ಚಿನಲ್ಲಿ ಸೋಮಾಲಿಯ ಸೋತು ಹಿಂದೆ ಸರಿಯಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ಗಾದೆ ಇಲ್ಲಿ ಸತ್ಯವಾಯಿತು. ಎರಡೂ ಬಡರಾಷ್ಟ್ರಗಳು ಬಳಲಿದವು; ಸೆಣಸಾಡುತ್ತಿದ್ದ ದೊಡ್ಡ ಬಣಗಳಿಗೆ ಮಾತ್ರ ಅಲ್ಲಿ ಕಾಲೂರಲು ನೆಲ ದೊರೆಯಿತು. 1991ರಲ್ಲಿ ಸೋಮಾಲಿಯದ ಸರ್ಕಾರವೇ ಕುಸಿದುಬಿದ್ದಿತು. ಆಗ ತಾನು ಬೇರೆಯೆಂದು ಸಾರಿದ ಉತ್ತರ ಭಾಗವು ತನ್ನ ಎಲ್ಲೆಯೆಂದು ತೋರಿಸಿದುದು ಹಿಂದಿನ ಬ್ರಿಟಿಷ್ ವಸಾಹತಿನ ಗಡಿಯನ್ನೇ!

ಇದಕ್ಕೆ ಪ್ರತಿಯಾಗಿ, ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಬದುಕಿದವರೂ ಇದ್ದಾರೆ. ಮಾಲಿ ಮತ್ತು ಬುರ್ಕಿನ ಫಾಸೊ ದೇಶಗಳು ಒಂದು ಒಣಭೂಮಿಯ ಪಟ್ಟಿಗಾಗಿ 1985ರ ಡಿಸೆಂಬರಿನಲ್ಲಿ ಕೆಲವು ದಿನಗಳು ಕಾದಾಡಿದವು. ಮರುವರ್ಷ ಅಂತರರಾಷ್ಟ್ರೀಯ ನ್ಯಾಯಾಲಯವು ಆ ಪ್ರದೇಶವನ್ನು ಹೆಚ್ಚು ಕಡಿಮೆ ಸಮವಾಗಿ ಹಂಚಿ ತೀರ್ಪಿತ್ತಿತು. ಇಬ್ಬರೂ ಅದನ್ನು ಒಪ್ಪಿಕೊಂಡರು. ಬಕಾಸಿ ಎಂಬ ಪರ್ಯಾಯದ್ವೀಪದ ವಿಷಯವು ಇನ್ನೂ ಗಮನಾರ್ಹವಾದುದು. 2002ರಲ್ಲಿ ಅದೇ ನ್ಯಾಯಾಲಯವು ಹಳೆಯ ವಸಾಹತು ಒಪ್ಪಂದದ ಆಧಾರದ ಮೇಲೆ ಅದು ಕ್ಯಾಮರೂನಿಗೆ ಸೇರಬೇಕೆಂದು ತೀರ್ಮಾನಿಸಿತು. ಸೋತ ನೈಜೀರಿಯವು ಆಫ್ರಿಕದಲ್ಲಿ ಅತ್ಯಂತ ಹೆಚ್ಚು ಜನಸಂಖ್ಯೆಯುಳ್ಳ ರಾಷ್ಟ್ರ. ಬಲದಿಂದ ಉಳಿಸಿಕೊಳ್ಳುವುದು ಅದಕ್ಕೆ ಅಸಾಧ್ಯವಾಗಿರಲಿಲ್ಲ. ಆದರೂ 2006ರಲ್ಲಿ ಅದು ತನ್ನ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿತು; 2008ರಲ್ಲಿ ಆ ನೆಲವನ್ನು ಪೂರ್ಣವಾಗಿ ಬಿಟ್ಟುಕೊಟ್ಟಿತು. ಅಲ್ಲಿ ನೆಲೆಸಿದ್ದ ನೈಜೀರಿಯ ಮೂಲದ ಅನೇಕರಿಗೆ ಇದರಿಂದ ನೋವಾಯಿತೆಂಬುದು ನಿಜ. ಆದರೆ ಯುದ್ಧವೇ ನಡೆದಿದ್ದರೆ ಆ ನೋವು ಎಷ್ಟು ಮಡಿ ಹೆಚ್ಚುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಹೀಗೆಂದ ಮಾತ್ರಕ್ಕೆ ಕೈರೋ ನಿರ್ಣಯವು ದೋಷರಹಿತವೆಂದು ತಿಳಿಯಬಾರದು. ಗಡಿಯನ್ನು ಕಾಯುವ ನಿಯಮವು ಕೆಲವೊಮ್ಮೆ ಗಡಿಯೊಳಗಿನ ಅನ್ಯಾಯವನ್ನೂ ಕಾಯ್ದಿತು. ನೈಜೀರಿಯದಿಂದ ಬೇರೆಯಾಗಲು ಬಯಾಫ್ರ ಪ್ರಾಂತವು ಹೂಡಿದ ಹೋರಾಟದಲ್ಲಿ, 1967ರಿಂದ 1970ರವರೆಗೆ, ಲಕ್ಷಾಂತರ ಜನರು ಸತ್ತರು. ಅವರಲ್ಲಿ ಬಹುಮಂದಿ ಹಸಿವಿನಿಂದ ಸತ್ತ ಮಕ್ಕಳು. ಗಡಿಗಳನ್ನು ಗೌರವಿಸಬೇಕೆಂದು ಎತ್ತಿ ಹಿಡಿದಿದ್ದ ನೈರೆರೆಯವರೇ 1968ರಲ್ಲಿ ಬಯಾಫ್ರಕ್ಕೆ ಮನ್ನಣೆಯಿತ್ತರು. ಜನರ ಪ್ರಾಣವನ್ನು ರಕ್ಷಿಸಲಾರದ ರಾಷ್ಟ್ರದ ಗಡಿಗೆ ಯಾವ ಅರ್ಥವಿದೆ ಎಂಬ ಪ್ರಶ್ನೆ ಅವರನ್ನು ಕಾಡಿರಬೇಕು. ಇದು ಇಂದಿಗೂ ಸುಲಭವಾದ ಪ್ರಶ್ನೆಯಲ್ಲ. 1993ರಲ್ಲಿ ಎರಿಟ್ರಿಯವೂ 2011ರಲ್ಲಿ ದಕ್ಷಿಣ ಸುಡಾನವೂ ದೀರ್ಘ ಹೋರಾಟಗಳ ಬಳಿಕ, ಜನಮತಗಣನೆಯ ಮೂಲಕ ಬೇರೆ ರಾಷ್ಟ್ರಗಳಾದವು. ಆದರೆ ಹೊಸ ಗೆರೆಯೊಂದೇ ಶಾಂತಿಯನ್ನು ತರಲಿಲ್ಲ. 1998ರಲ್ಲಿ ಎರಿಟ್ರಿಯ ಮತ್ತು ಇಥಿಯೋಪಿಯಗಳ ನಡುವೆ ಘೋರ ಯುದ್ಧವಾಯಿತು. 2013ರಲ್ಲಿ ದಕ್ಷಿಣ ಸುಡಾನಿನ ಒಳಗೇ ಅಂತರ್ಯುದ್ಧ ಹತ್ತಿಕೊಂಡಿತು. ಗಡಿ ಎಲ್ಲಿದೆಯೆಂಬುದಕ್ಕಿಂತ ಗಡಿಯೊಳಗೆ ಆಳ್ವಿಕೆ ಹೇಗಿದೆಯೆಂಬುದೇ ಮುಖ್ಯವೆಂದು ಇದರಿಂದ ವ್ಯಕ್ತವಾಗುತ್ತದೆ. 2002ರಲ್ಲಿ ಏಕತಾ ಸಂಸ್ಥೆಯ ಸ್ಥಾನದಲ್ಲಿ ಕಾರ್ಯಾರಂಭ ಮಾಡಿದ ಆಫ್ರಿಕ ಒಕ್ಕೂಟವು ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಂತೆ ಕಾಣುತ್ತದೆ. ಗಡಿಗಳನ್ನು ಗೌರವಿಸುವ ತತ್ತ್ವವನ್ನು ಅದು ಉಳಿಸಿಕೊಂಡಿತು. ಆದರೆ ಜನಾಂಗ ಹತ್ಯೆಯಂತಹ ಘೋರ ಕೃತ್ಯಗಳು ನಡೆದಾಗ ಮಧ್ಯೆ ಪ್ರವೇಶಿಸುವ ಹಕ್ಕನ್ನೂ ತನ್ನ ನಿಬಂಧನೆಗಳಲ್ಲಿ ಸೇರಿಸಿಕೊಂಡಿತು.

ಹಾಗಾದರೆ ಉಳಿದಿರುವ ಕೆಲಸವೇನು? ಗೆರೆಯನ್ನು ಅಳಿಸಲಾಗದಿದ್ದರೆ ಅದನ್ನು ತೆಳುವಾಗಿಸಬಹುದು. ಕೋಟೆಯ ಗೋಡೆಯಂತಿರುವ ಗಡಿಯನ್ನು ಹೊಲದ ಬದುವಿನಂತೆ ಮಾಡಬಹುದು. ಬದುವಿನ ಎರಡೂ ಕಡೆ ಒಡೆತನ ಬೇರೆ. ಆದರೆ ದಾಟುವವರ ಕಾಲಿಗೆ ಅದು ಅಡ್ಡಿಯಲ್ಲ. ಈ ಪ್ರಯತ್ನ ಆಗಲೇ ಆರಂಭವಾಗಿದೆ. ಪಶ್ಚಿಮ ಆಫ್ರಿಕದ ರಾಷ್ಟ್ರಗಳು 1975ರಲ್ಲಿ ಆರ್ಥಿಕ ಸಮುದಾಯವೊಂದನ್ನು ಕಟ್ಟಿಕೊಂಡು, 1979ರಲ್ಲಿ ತಮ್ಮ ಪ್ರಜೆಗಳು ಪರಸ್ಪರರ ದೇಶಗಳಲ್ಲಿ ಸಂಚರಿಸಲು ಅವಕಾಶ ಮಾಡಿಕೊಟ್ಟವು. 2021ರ ಜನವರಿಯಲ್ಲಿ ಇಡೀ ಖಂಡಕ್ಕೆ ಅನ್ವಯಿಸುವ ಮುಕ್ತ ವ್ಯಾಪಾರದ ಒಪ್ಪಂದದ ಮೇರೆಗೆ ವ್ಯಾಪಾರ ಪ್ರಾರಂಭವಾಯಿತು. ಒಪ್ಪಂದಗಳು ಕಾಗದದಿಂದ ನೆಲಕ್ಕೆ ಇಳಿಯುವುದು ನಿಧಾನ. ಆಡಿದಷ್ಟು ಮಾಡಿಲ್ಲವೆಂಬ ದೂರೂ ಉಂಟು. ಆದರೆ ಗ್ಯಾಂಬಿಯ ನದಿಯ ಮೇಲೆ 2019ರಲ್ಲಿ ತೆರೆದ ಸೇತುವೆಯನ್ನು ನೆನೆದರೆ ಭರವಸೆ ಮೂಡುತ್ತದೆ. ಸೆನೆಗಲ್ಲಿನ ಉತ್ತರ ಭಾಗದಿಂದ ದಕ್ಷಿಣ ಭಾಗಕ್ಕೆ ಹೋಗುವ ಲಾರಿಗಳು ಹಿಂದೆ ಆ ನದಿಯ ದಡದಲ್ಲಿ ದೋಣಿಗಾಗಿ ಬಹುಹೊತ್ತು ಕಾದು ನಿಲ್ಲಬೇಕಾಗಿತ್ತು. ಇಂದು ಅವು ಸೇತುವೆಯ ಮೇಲೆ ನಿರಾತಂಕವಾಗಿ ಸಾಗುತ್ತವೆ. ಗಡಿ ಇದ್ದಲ್ಲಿಯೇ ಇದೆ. ಅದರ ಬಾಧೆ ಮಾತ್ರ ಕಡಿಮೆಯಾಗಿದೆ.

2022ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಎರಡು ಪ್ರದೇಶಗಳನ್ನು ಪ್ರತ್ಯೇಕ ರಾಷ್ಟ್ರಗಳೆಂದು ಮನ್ನಿಸಿದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೆನ್ಯದ ಪ್ರತಿನಿಧಿ ಮಾರ್ಟಿನ್ ಕಿಮಾನಿಯವರು ಮಾತನಾಡಿದರು. ನಮ್ಮ ಗಡಿಗಳನ್ನು ಎಳೆದವರು ನಾವಲ್ಲ. ಅವು ನಮಗೆ ತೃಪ್ತಿ ತಂದವೆಂದೂ ಅಲ್ಲ. ಆದರೂ ಶಾಂತಿಯಿಂದ ಮುಂದಿನದನ್ನು ಕಟ್ಟಬೇಕೆಂದು ಅವುಗಳನ್ನು ಒಪ್ಪಿಕೊಂಡೆವು ಎಂಬುದು ಅವರ ಮಾತಿನ ಸಾರ. ಒಂದು ಕಾಲಕ್ಕೆ ಆಫ್ರಿಕದವರನ್ನು ಹೊರಗಿಟ್ಟು ಆಫ್ರಿಕದ ಹಣೆಬರಹವನ್ನು ಬರೆದ ಯೂರೋಪಿಗೆ ಆಫ್ರಿಕವೇ ಗಡಿಯ ನೀತಿಯನ್ನು ನೆನಪಿಸಿದ ಗಳಿಗೆ ಅದು.

ಪರಂಪರೆಯಿಂದ ಬಂದ ತಪ್ಪಿಗೆ ನಾವು ಹೊಣೆಯಲ್ಲ. ಆದರೆ ಆ ತಪ್ಪನ್ನು ಮುಂದಿಟ್ಟುಕೊಂಡು ನಾವು ನೆರೆಯವರೊಡನೆ ಹೇಗೆ ಬಾಳುತ್ತೇವೆಂಬುದಕ್ಕೆ ನಾವೇ ಹೊಣೆ. ಬೇರೆಯವರು ಎಳೆದ ಗೆರೆಯ ಮೇಲೆ ನಿಂತು ನೆರೆಯವನನ್ನು ಶತ್ರುವೆಂದು ಕರೆದರೆ, ಗೆರೆ ಎಳೆದವರ ಆಳ್ವಿಕೆ ಇನ್ನೂ ಮುಗಿದಿಲ್ಲವೆಂದೇ ಅರ್ಥ. ಆ ಗೆರೆಯ ಮೇಲೆ ಸೇತುವೆಯನ್ನು ಕಟ್ಟಿದ ದಿನ ಸ್ವಾತಂತ್ರ್ಯವು ಪೂರ್ಣವಾಗುತ್ತದೆ.